ಓದಿನಲ್ಲಿ ಬಿಟ್ಟುಹೋದ ಪುಟ

ಸಾಹಿತ್ಯ ವಿಮರ್ಶೆಯ ಪತ್ರಿಕೆಗೆ ಓದುವ ವಿದ್ಯಾರ್ಥಿಗಳ ಟಿಪ್ಪಣಿ ಪುಸ್ತಕ ತೆರೆದರೆ ಸಾಮಾನ್ಯವಾಗಿ ಒಂದು ಪಟ್ಟಿ ಕಣ್ಣಿಗೆ ಬೀಳುತ್ತದೆ. ರೂಪನಿಷ್ಠ ವಿಮರ್ಶೆ, ಮಾರ್ಕ್ಸ್‌ವಾದಿ ವಿಮರ್ಶೆ, ಮನೋವಿಶ್ಲೇಷಣೆ, ರಚನಾವಾದ, ಸ್ತ್ರೀವಾದ. ಒಂದೊಂದಕ್ಕೂ ಒಂದು ವ್ಯಾಖ್ಯೆ, ಇಬ್ಬರು ಮೂವರು ಚಿಂತಕರ ಹೆಸರು, ನಾಲ್ಕಾರು ಲಕ್ಷಣ. ಪರೀಕ್ಷೆಯಲ್ಲಿ ಒಂದು ಕಥೆ ಕೊಟ್ಟು ವಿಮರ್ಶಿಸಿ ಎಂದರೆ, ಮೊದಲು ಸಾರಾಂಶ ಬರೆದು ಅದರ ಕೆಳಗೆ ಈ ಲಕ್ಷಣಗಳಲ್ಲಿ ಒಂದೆರಡನ್ನು ಇಳಿಸಿದರೆ ಉತ್ತರ ಮುಗಿಯಿತು. ವಿದ್ಯಾರ್ಥಿಗಳನ್ನು ದೂರುವಂತಿಲ್ಲ, ಗೈಡುಗಳು ಹೇಳಿಕೊಡುವುದೇ ಹಾಗೆ. ಆದರೆ ಹೀಗೆ ಕಲಿತವರಿಗೆ ಕಥೆಯ ದಾರಿ ಬೇರೆ, ಸಿದ್ಧಾಂತದ ದಾರಿ ಬೇರೆ ಆಗಿಬಿಡುತ್ತದೆ. ಸಿದ್ಧಾಂತ ಗೊತ್ತಿಲ್ಲದಾಗ ಕಥೆಯಲ್ಲಿ ಕಾಣುತ್ತಿದ್ದದ್ದೂ ಕಾಣದೆ ಹೋಗುತ್ತದೆ.

ಸಿದ್ಧಾಂತಗಳು ಹುಟ್ಟಿದ್ದು ಹಾಗಲ್ಲ. ಒಂದು ಕಥೆಯ ಬಗ್ಗೆ ಎಲ್ಲರೂ ಒಂದೇ ಮಾತು ಆಡುತ್ತಿರುವಾಗ ಯಾರೋ ಒಬ್ಬರಿಗೆ ಆ ಮಾತಿಗೆ ಒಗ್ಗದ ಒಂದು ಪುಟ ಸಿಗುತ್ತದೆ. ಇದನ್ನು ಇವರೆಲ್ಲ ಯಾಕೆ ದಾಟಿಕೊಂಡು ಹೋದರು ಎಂದು ಅವರು ಕೇಳುತ್ತಾರೆ. ಹೊಸ ಓದು ಶುರುವಾಗುವುದು ಅಲ್ಲಿಂದ. ಆದ್ದರಿಂದ ಯಾವ ಸಿದ್ಧಾಂತವನ್ನು ಕಲಿಯುವಾಗಲೂ ಎರಡು ಪ್ರಶ್ನೆ ಇಟ್ಟುಕೊಂಡರೆ ಸಾಕು ಎಂಬುದು ನನ್ನ ದೃಢ ನಂಬಿಕೆ. ಈ ಓದು ನನಗೆ ಯಾವ ಪುಟವನ್ನು ಹೊಸದಾಗಿ ತೋರಿಸಿತು? ಯಾವ ಪುಟವನ್ನು ಬಿಟ್ಟು ಮುಂದೆ ಹೋಯಿತು? ಒಂದೇ ಕಥೆ ಹಿಡಿದು ಇದನ್ನು ನೋಡಬಹುದು. ನಿಕೊಲಾಯ್ ಗೊಗೊಲ್ 1842ರಲ್ಲಿ ಪ್ರಕಟಿಸಿದ ‘ಓವರ್‌ಕೋಟು’ ಕಥೆಗಿಂತ ಇದಕ್ಕೆ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅರವತ್ತು ಎಪ್ಪತ್ತು ಪುಟವೂ ಇಲ್ಲದ ಈ ಕಥೆಯನ್ನು ಓದುವ ಬಗೆಗಾಗಿ ರಷ್ಯದ ವಿಮರ್ಶಕರು ಒಂದು ಶತಮಾನ ಜಗಳವಾಡಿದ್ದಾರೆ.

ಕಥೆ ಇಷ್ಟು. ಸೇಂಟ್ ಪೀಟರ್ಸ್‌ಬರ್ಗಿನ ಒಂದು ಸರ್ಕಾರಿ ಇಲಾಖೆಯಲ್ಲಿ ಕಾಗದಪತ್ರ ನಕಲು ಮಾಡುವ ಗುಮಾಸ್ತ ಅಕಾಕಿ ಅಕಾಕಿಯೆವಿಚ್. ಐವತ್ತು ದಾಟಿದವನು. ನಕಲು ಮಾಡುವುದೇ ಅವನ ಕೆಲಸ, ಅದೇ ಅವನ ಸುಖ. ಕೆಲವು ಅಕ್ಷರಗಳೆಂದರೆ ಅವನಿಗೆ ಬಲು ಪ್ರೀತಿ, ಅವು ಬಂದಾಗ ಮುಖ ಅರಳುತ್ತದೆ. ಹಳೆಯ ಕೋಟು ಜರಡಿಯಂತಾಗಿ, ತೇಪೆ ಹಾಕಲೂ ಬಟ್ಟೆ ನಿಲ್ಲುವುದಿಲ್ಲ, ಹೊಸದೇ ಆಗಬೇಕು ಎಂದು ಒಕ್ಕಣ್ಣಿನ ದರ್ಜಿ ಪೆತ್ರೋವಿಚ್ ಹೇಳಿಬಿಡುತ್ತಾನೆ. ತಿಂಗಳುಗಟ್ಟಲೆ ಹೊಟ್ಟೆ ಕಟ್ಟಿ ಅವನು ಕೋಟು ಹೊಲಿಸುತ್ತಾನೆ. ತೊಟ್ಟ ದಿನದ ರಾತ್ರಿಯೇ, ಮೇಲಧಿಕಾರಿಯೊಬ್ಬನ ಮನೆಯ ಔತಣದಿಂದ ಹಿಂತಿರುಗುವಾಗ, ನಿರ್ಜನವಾದ ಚೌಕದಲ್ಲಿ ಮೀಸೆಯ ಗಂಡಸರು ಅದನ್ನು ಕಿತ್ತುಕೊಳ್ಳುತ್ತಾರೆ. ದೂರು ಹಿಡಿದು ಒಬ್ಬ ‘ಗಣ್ಯ ವ್ಯಕ್ತಿ’ಯ ಬಳಿ ಹೋದರೆ ಆತ ಗದರಿಸಿ ಓಡಿಸುತ್ತಾನೆ. ಹಿಮಗಾಳಿಯಲ್ಲಿ ನಡೆದು ಬಂದ ಅಕಾಕಿ ಜ್ವರ ಹಿಡಿದು ಸಾಯುತ್ತಾನೆ. ಕಥೆ ಇಲ್ಲಿಗೆ ಮುಗಿಯುವುದಿಲ್ಲ. ನಗರದಲ್ಲಿ ದೆವ್ವವೊಂದು ಓಡಾಡುತ್ತ ದಾರಿಹೋಕರ ಕೋಟು ಕಸಿಯುತ್ತಿದೆ ಎಂಬ ಸುದ್ದಿ ಹಬ್ಬುತ್ತದೆ. ಕೊನೆಗೆ ಆ ಗಣ್ಯ ವ್ಯಕ್ತಿಯ ಕೋಟೂ ಹೋಗುತ್ತದೆ.

ಮೊದಲ ಓದು ಕನಿಕರದ ಓದು. ವಿಮರ್ಶಕ ಬೆಲಿನ್‌ಸ್ಕಿ ಮತ್ತು ಅವನ ಪೀಳಿಗೆಯವರಿಗೆ ಗೊಗೊಲ್ ರಷ್ಯದ ಬಡವನನ್ನು, ತುಳಿಸಿಕೊಂಡವನನ್ನು ಸಾಹಿತ್ಯಕ್ಕೆ ಕರೆತಂದ ಲೇಖಕ. ಅವರಿಗೆ ಆಧಾರವಾದ ಪುಟ ಪ್ರಸಿದ್ಧ. ಕಚೇರಿಯ ಹುಡುಗರು ಅಕಾಕಿಯನ್ನು ಗೇಲಿ ಮಾಡುತ್ತಾರೆ, ತಲೆಯ ಮೇಲೆ ಕಾಗದದ ಚೂರು ಸುರಿದು ಹಿಮ ಬೀಳುತ್ತಿದೆ ಎನ್ನುತ್ತಾರೆ. ತಡೆಯಲಾರದಾದಾಗ ಮಾತ್ರ ಅವನು ನನ್ನನ್ನು ಬಿಡಿ, ಯಾಕೆ ನೋಯಿಸುತ್ತೀರಿ ಎಂಬ ಅರ್ಥದ ಒಂದು ಮಾತು ಆಡುತ್ತಾನೆ. ಹೊಸದಾಗಿ ಸೇರಿದ ಒಬ್ಬ ತರುಣನಿಗೆ ಆ ಮಾತು ಚುಚ್ಚುತ್ತದೆ. ತಾನು ಅವನ ಒಡಹುಟ್ಟಿದವನೆಂದು ಆ ದನಿ ಹೇಳುತ್ತಿರುವಂತೆ ಅವನಿಗೆ ಕೇಳಿಸುತ್ತದೆ. ಮುಂದೆ ಬದುಕಿನುದ್ದಕ್ಕೂ ಆ ನೆನಪು ಬಂದಾಗ ಅವನು ಮುಖ ಮುಚ್ಚಿಕೊಳ್ಳುತ್ತಾನೆ.

ಈ ಓದನ್ನು ‘ಶೋಷಣೆಯ ಚಿತ್ರಣ’ ಎಂಬ ಎರಡು ಪದದಲ್ಲಿ ಮುಗಿಸುವವರು ಕಥೆಯಲ್ಲಿರುವ ಲೆಕ್ಕವನ್ನು ನೋಡುವುದೇ ಇಲ್ಲ. ಗೊಗೊಲ್ ಸ್ವತಃ 1829ರಿಂದ 1831ರವರೆಗೆ ಪೀಟರ್ಸ್‌ಬರ್ಗಿನ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡಿದವನು. ಅವನಿಗೆ ಪ್ರತಿ ರೂಬಲಿನ ಬೆಲೆ ಗೊತ್ತಿತ್ತು. ಪೆನ್ಸಿಲು ಹಿಡಿದು ಕೂರಿ. ಅಕಾಕಿಯ ಸಂಬಳ ವರ್ಷಕ್ಕೆ 400 ರೂಬಲು. ಕೋಟಿಗೆ ಬೇಕಾದದ್ದು 80, ಅಂದರೆ ಹತ್ತಿರ ಹತ್ತಿರ ಎರಡೂವರೆ ತಿಂಗಳ ಸಂಬಳ. ಖರ್ಚು ಮಾಡುವ ಒಂದೊಂದು ರೂಬಲಿಗೂ ಅರ್ಧ ಕೊಪೆಕ್ಕಿನಂತೆ ಒಂದು ಪುಟ್ಟ ಪೆಟ್ಟಿಗೆಗೆ ಹಾಕುತ್ತ ಬಂದು, ಎಷ್ಟೋ ವರ್ಷಗಳಲ್ಲಿ ಅವನು 40 ರೂಬಲು ಕೂಡಿಟ್ಟಿದ್ದಾನೆ. ಉಳಿದರ್ಧಕ್ಕಾಗಿ ಸಂಜೆಯ ಚಹಾ ಬಿಡುತ್ತಾನೆ. ದೀಪ ಹಚ್ಚುವುದಿಲ್ಲ. ಬೂಟಿನ ಅಟ್ಟೆ ಸವೆಯದಂತೆ ಕಲ್ಲುಹಾಸಿನ ಮೇಲೆ ತುದಿಗಾಲಲ್ಲಿ ನಡೆಯುತ್ತಾನೆ. ಒಳಬಟ್ಟೆ ಬೇಗ ಹರಿಯಬಾರದೆಂದು ಮನೆಗೆ ಬಂದೊಡನೆ ಬಿಚ್ಚಿಡುತ್ತಾನೆ. ಆಮೇಲೆ ಹಬ್ಬದ ಇನಾಮು ನಲವತ್ತರ ಬದಲು ಅರವತ್ತು ಬರುತ್ತದೆ. ಇಲಾಖೆಯ ನಿರ್ದೇಶಕನಿಗೆ ಅಕಾಕಿಯ ಕಷ್ಟ ಮನಸ್ಸಿಗೆ ಹೊಳೆಯಿತೋ, ಸುಮ್ಮನೆ ಹಾಗೆ ಆಯಿತೋ, ನಿರೂಪಕ ಹೇಳುವುದಿಲ್ಲ. ಒಬ್ಬ ಮನುಷ್ಯ ಚಳಿಯಲ್ಲಿ ಬದುಕುತ್ತಾನೋ ಇಲ್ಲವೋ ಎಂಬುದು ಮೇಲಿನವನ ಮರ್ಜಿಯ ಆ ಇಪ್ಪತ್ತು ರೂಬಲಿನಲ್ಲಿದೆ. ಮಾರ್ಕ್ಸ್‌ವಾದಿ ಓದು ಎಂದರೆ ಈ ಇಪ್ಪತ್ತನ್ನು ಎಣಿಸುವುದು.

ದುಡ್ಡಿನ ಜೊತೆಗೆ ಹುದ್ದೆಯನ್ನೂ ಎಣಿಸಬೇಕು. ಪೀಟರ್ ದೊರೆ 1722ರಲ್ಲಿ ರಷ್ಯದ ಸರ್ಕಾರಿ ಸೇವೆಯನ್ನು 14 ದರ್ಜೆಗಳಾಗಿ ಕಟ್ಟಿದ್ದ. ಅಕಾಕಿಯದು ಒಂಬತ್ತನೆಯ ದರ್ಜೆ. ಗೊಗೊಲ್ ಬರೆಯುವ ಕಾಲಕ್ಕೆ ಎಂಟನೆಯದಕ್ಕೆ ಏರಿದವನಿಗೆ ವಂಶಪಾರಂಪರ್ಯವಾದ ಕುಲೀನ ಪದವಿ ಸಿಗುತ್ತಿತ್ತು. ಆ ಒಂದು ಮೆಟ್ಟಿಲು ಹತ್ತಲಾರದೆ ಕೊಳೆಯುವವರ ದರ್ಜೆ ಅವನದು. ‘ಗಣ್ಯ ವ್ಯಕ್ತಿ’ಗೆ ಕಥೆಯಲ್ಲಿ ಹೆಸರೇ ಇಲ್ಲ. ಅವನೂ ಇತ್ತೀಚೆಗಷ್ಟೇ ಗಣ್ಯನಾದವನು. ಹುದ್ದೆಗೆ ಬರುವ ವಾರ ಮೊದಲು ಕೋಣೆಯಲ್ಲಿ ಒಬ್ಬನೇ ಕನ್ನಡಿಯೆದುರು ನಿಂತು ಗದರುವ ದನಿ ಅಭ್ಯಾಸ ಮಾಡಿದವನು. ಇನ್ನು ದರ್ಜಿ ಪೆತ್ರೋವಿಚ್‌ನ ನಶ್ಯದ ಡಬ್ಬಿಯ ಮುಚ್ಚಳದ ಮೇಲೆ ಯಾವುದೋ ಜನರಲ್‌ನ ಚಿತ್ರವಿದೆ. ಮುಖವಿದ್ದ ಜಾಗದಲ್ಲಿ ಬೆರಳು ತೂರಿ ತೂತಾಗಿ, ಅಲ್ಲಿ ಚೌಕವಾದ ಕಾಗದದ ತುಂಡು ಅಂಟಿಸಿದೆ. ಕಥೆಯ ಮೊದಲ ಭಾಗದಲ್ಲಿ ಬರುವ ಮುಖವಿಲ್ಲದ ಈ ಜನರಲ್‌ಗೂ ಕೊನೆಯಲ್ಲಿ ಬರುವ ಹೆಸರಿಲ್ಲದ ಅಧಿಕಾರಿಗೂ ಇರುವ ನಂಟನ್ನು ವಿದ್ಯಾರ್ಥಿ ತಾನೇ ಕಂಡುಹಿಡಿದಾಗ ಆಗುವ ಸಂತೋಷ ದೊಡ್ಡದು. ಅದನ್ನು ಯಾವ ಗೈಡೂ ಕೊಡಲಾರದು.

ಹಾಗಾದರೆ ಈ ಓದು ಬಿಟ್ಟ ಪುಟ ಯಾವುದು? ಅದನ್ನು ಮೊದಲು ಎತ್ತಿದವನು ಇನ್ನೊಂದು ಕಥೆಯೊಳಗಿನ ಒಬ್ಬ ಓದುಗ. 1846ರಲ್ಲಿ ಬಂದ ದಾಸ್ತೊಯೆವ್‌ಸ್ಕಿಯ ಮೊದಲ ಕಾದಂಬರಿ ‘ಬಡ ಜನ’ದಲ್ಲಿ ಮಕಾರ್ ದೇವುಷ್ಕಿನ್ ಎಂಬವನೂ ನಕಲು ಗುಮಾಸ್ತನೇ. ಅವನ ಕೈಗೆ ‘ಓವರ್‌ಕೋಟು’ ಸಿಗುತ್ತದೆ. ಓದಿದವನು ಕಣ್ಣೀರಿಡುವುದಿಲ್ಲ, ಕೆರಳುತ್ತಾನೆ. ನಾನು ಬೂಟು ಸವೆಯದಂತೆ ನಡೆದರೆ ಅದನ್ನು ಬರೆಯಲು ಇವನಿಗೇನು ಹಕ್ಕು, ಬಡವನ ಒಳಮನೆಗೆ ಇಣುಕಿ ನೋಡಿ ಊರಿಗೆಲ್ಲ ಹೇಳಿದನಲ್ಲ ಎಂಬುದು ಅವನ ಸಿಟ್ಟು. ಕೊನೆಯಲ್ಲಿ ಕೋಟು ಸಿಕ್ಕಿತು, ಸಾಹೇಬರು ಬಡ್ತಿ ಕೊಟ್ಟರು ಎಂದಾದರೂ ಬರೆಯಬಹುದಿತ್ತಲ್ಲ ಎಂದು ಅವನ ಗೋಳು. ಯಾರ ಪರವಾಗಿ ಕಥೆ ಬರೆದಿದೆ ಎಂದು ವಿಮರ್ಶಕರು ಹೇಳಿದರೋ ಅವನಿಗೇ ಅದು ಅವಮಾನವಾಗಿ ಕಂಡಿದೆ. ಕನಿಕರದ ಕಥೆಯಲ್ಲಿ ಇಷ್ಟೊಂದು ನಗು ಯಾಕೆ ಎಂಬ ಪ್ರಶ್ನೆಯನ್ನು ದೇವುಷ್ಕಿನ್ ತನ್ನ ಮೈಮೇಲೆ ಅನುಭವಿಸಿ ಕೇಳುತ್ತಿದ್ದಾನೆ. ದಲಿತ ಬರಹದ ಸಂದರ್ಭದಲ್ಲಿ ನಮ್ಮಲ್ಲಿ ಎದ್ದ ಪ್ರಶ್ನೆ, ಯಾರ ನೋವನ್ನು ಯಾರು ಬರೆಯಬೇಕು ಎಂಬುದು, ಇದರಿಂದ ಬಹಳ ದೂರದಲ್ಲಿಲ್ಲ. ಓದುಗ ಯಾರು ಎಂಬುದರ ಮೇಲೆ ಕಥೆ ಬದಲಾಗುತ್ತದೆ ಎನ್ನುವ ಸಿದ್ಧಾಂತವನ್ನು ಕಲಿಸಬೇಕಾದ ಅಧ್ಯಾಪಕರು ದೇವುಷ್ಕಿನ್‌ನ ಆ ಪತ್ರವನ್ನು ತರಗತಿಗೆ ತರಬೇಕು.

ಆ ನಗುವನ್ನು ನೇರವಾಗಿ ಎದುರಿಸಿದವನು ಬೊರಿಸ್ ಐಖೆನ್‌ಬೌಮ್. ಷ್ಕ್ಲೋವ್‌ಸ್ಕಿ, ತಿನ್ಯಾನೊವ್ ಮೊದಲಾದವರೊಂದಿಗೆ ಸೇರಿ ಅವನು ಕಟ್ಟಿದ ವಿಮರ್ಶೆಗೆ ಮುಂದೆ ರಷ್ಯನ್ ರೂಪವಾದ ಎಂಬ ಹೆಸರು ನಿಂತಿತು. ‘ಓವರ್‌ಕೋಟು’ ಹೇಗೆ ಮಾಡಲ್ಪಟ್ಟಿದೆ ಎಂಬ ಅವನ ಪ್ರಬಂಧ 1919ರಲ್ಲಿ ಅಚ್ಚಾಯಿತು. ಶೀರ್ಷಿಕೆಯೇ ಪ್ರಶ್ನೆಯನ್ನು ಬದಲಿಸಿತು. ಕಥೆ ಏನು ಹೇಳುತ್ತದೆ ಎಂದು ಕೇಳುತ್ತಿದ್ದವರ ನಡುವೆ ಅವನು ಇದನ್ನು ಹೇಗೆ ಹೆಣೆದಿದ್ದಾನೆ ಎಂದು ಕೇಳಿದ. ಅವನ ಉತ್ತರ: ಈ ಕಥೆಯನ್ನು ನಡೆಸುವುದು ಘಟನೆಯಲ್ಲ, ಹೇಳುವವನ ದನಿ. ಬಾಯಿಮಾತಿನ ಓಟ, ಪದಗಳ ಸದ್ದು, ಬೇಡದ ಕಡೆ ನಿಂತು ಬೇಕಾದ ಕಡೆ ಹಾರುವ ಚಾಳಿ, ಇವೇ ಕಥೆಯ ಮೈ. ಮಾಸ್ತಿಯವರ ಕಥೆಗಳಲ್ಲಿ ಎದುರು ಕೂತು ಹೇಳುವ ದನಿಗೆ ಕಿವಿ ಕೊಟ್ಟವರಿಗೆ ಇದು ಹೊಸ ವಿಷಯವೇನಲ್ಲ. ಆದರೆ ಗೊಗೊಲ್‌ನ ದನಿ ನಂಬಿಕೆ ಹುಟ್ಟಿಸುವ ಹಿರಿಯನದಲ್ಲ, ವೇಷ ಬದಲಿಸುತ್ತಲೇ ಇರುವ ನಟನದು.

ಹೆಸರಿಡುವ ಪುಟವನ್ನೇ ನೋಡಿ. ಮಗು ಹುಟ್ಟಿದೆ. ತಾಯಿಗೆ ಸಂತರ ಪಟ್ಟಿಯಿಂದ ಹೆಸರು ಸೂಚಿಸುತ್ತಾರೆ: ಮೊಕ್ಕಿಯ, ಸೊಸ್ಸಿಯ, ಖೊಜ್ದಜಾತ್. ಬೇಡ ಎನ್ನುತ್ತಾಳೆ. ಪಂಚಾಂಗದ ಇನ್ನೊಂದು ಪುಟ ತೆರೆದರೆ ತ್ರಿಫಿಲಿ, ದೂಲ, ವರಖಾಸಿ. ಮತ್ತೊಂದು ಪುಟ ತಿರುಗಿಸಿದರೆ ಅದಕ್ಕಿಂತ ವಿಚಿತ್ರ. ಕೊನೆಗೆ ಅಪ್ಪನ ಹೆಸರೇ ಇರಲಿ ಎಂದು ಅಕಾಕಿ ಅಕಾಕಿಯೆವಿಚ್ ಆಗುತ್ತದೆ. ಬೇರೆ ಹೆಸರಿಡಲು ಸಾಧ್ಯವೇ ಇರಲಿಲ್ಲ ಎಂದು ನಿರೂಪಕ ಗಂಭೀರವಾಗಿ ಸಾಧಿಸುತ್ತಾನೆ. ಕಥೆ ಮುಂದೆ ಹೋಗಲು ಈ ಪುಟ ಬೇಕಿಲ್ಲ. ಸಾರಾಂಶ ಬರೆಯುವ ಪ್ರತಿಯೊಬ್ಬರೂ ಇದನ್ನು ಬಿಡುತ್ತಾರೆ. ಐಖೆನ್‌ಬೌಮ್ ಕೈ ಇಟ್ಟದ್ದು ಇಲ್ಲೇ. ಈ ಪುಟವನ್ನು ಮನಸ್ಸಿನಲ್ಲೇ ಓದಿಕೊಂಡರೆ ಏನೂ ಸಿಗದು. ತರಗತಿಯಲ್ಲಿ ಗಟ್ಟಿಯಾಗಿ ಓದಿಸಬೇಕು. ಮೂರನೆಯ ಹೆಸರಿಗೇ ಹುಡುಗರು ನಗುತ್ತಾರೆ. ನಕ್ಕ ಬಾಯಿ ಮುಚ್ಚುವ ಮೊದಲೇ ಎರಡು ಪುಟ ದಾಟಿ ಕಚೇರಿಯ ತರುಣನ ಪ್ರಸಂಗ ಬಂದು ಎದೆಗೆ ತಾಗುತ್ತದೆ. ಅಕಾಕಿಯ ಹೆಸರು ಕೇಳಿ ನಕ್ಕ ನಾವೂ ಕಾಗದದ ಚೂರು ಸುರಿದವರ ಸಾಲಿನಲ್ಲೇ ನಿಂತಿರುತ್ತೇವೆ.

ಇಲ್ಲಿ ಐಖೆನ್‌ಬೌಮ್ ಕಠಿಣವಾದ ಮಾತು ಹೇಳಿದ. ತರುಣನ ಪ್ರಸಂಗ ಗೊಗೊಲ್‌ನ ಹೃದಯದ ಮಾತು ಎಂದು ಎಲ್ಲರೂ ನಂಬಿದ್ದರಷ್ಟೆ. ಅಲ್ಲ, ಅದೂ ಒಂದು ತಂತ್ರ, ನಗೆಯ ಪಟ್ಟಿಗೆ ಎದುರಾಗಿ ನೇಯ್ದ ಭಾವಾವೇಶದ ಪಟ್ಟಿ, ಎರಡರ ಘರ್ಷಣೆಯೇ ಕಥೆ ಎಂದ. ತಂತ್ರ ಎಂಬುದನ್ನು ನಾನು ಒಪ್ಪುತ್ತೇನೆ. ತಂತ್ರ ಮಾತ್ರ ಎಂಬುದನ್ನು ಒಪ್ಪಲಾರೆ. ಆ ಓದು ಬಿಟ್ಟ ಪುಟ ಅಕಾಕಿಯ ಸಾವಿನ ಪುಟ. ವೈದ್ಯ ಬಂದು, ಓಕ್ ಮರದ್ದು ದುಬಾರಿ, ಪೈನ್ ಮರದ ಶವಪೆಟ್ಟಿಗೆಯನ್ನೇ ಹೇಳಿಬಿಡಿ ಎನ್ನುತ್ತಾನೆ. ಸತ್ತವನು ಬಿಟ್ಟುಹೋದ ಆಸ್ತಿ: ಒಂದು ಕಟ್ಟು ಹೆಬ್ಬಾತಿನ ಗರಿಯ ಲೇಖನಿ, ಸರ್ಕಾರಿ ಬಿಳಿ ಕಾಗದ, ಮೂರು ಜೊತೆ ಕಾಲುಚೀಲ, ಪ್ಯಾಂಟಿನಿಂದ ಕಿತ್ತುಬಂದ ಎರಡು ಮೂರು ಗುಂಡಿ, ಹಳೆಯ ಕೋಟು. ಅವನನ್ನು ಹೂತದ್ದು ಕಚೇರಿಗೆ ಗೊತ್ತಾಗುವುದು ನಾಲ್ಕನೆಯ ದಿನ. ಮಾರನೆಯ ದಿನ ಆ ಕುರ್ಚಿಯಲ್ಲಿ ಹೊಸಬ ಕೂತಿದ್ದಾನೆ, ಅವನು ಇನ್ನಷ್ಟು ಎತ್ತರ, ಅವನ ಅಕ್ಷರ ಇನ್ನಷ್ಟು ಓರೆ. ಅಲ್ಲಿ ನಗುವ ದನಿಯೂ ಅಳುವ ದನಿಯೂ ಒಂದೇ ಆಗಿರುತ್ತದೆ, ಎರಡು ಪಟ್ಟಿಗಳಾಗಿ ಬಿಡಿಸಲು ಬರುವುದಿಲ್ಲ.

ನಮ್ಮ ವಿದ್ಯಾರ್ಥಿಗಳಿಗೆ ಇದಕ್ಕೆ ಬೇಕಾದ ಸಲಕರಣೆ ಮನೆಯಲ್ಲೇ ಇದೆ, ಆದರೆ ಬೇರೆ ಪತ್ರಿಕೆಗೆಂದು ಕಟ್ಟಿಟ್ಟಿರುತ್ತಾರೆ. ತೀ.ನಂ.ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿದವರಿಗೆ ರಸವಿರೋಧದ ಚರ್ಚೆ ಗೊತ್ತು. ಹಾಸ್ಯಕ್ಕೂ ಕರುಣಕ್ಕೂ ಆಗಿಬರುವುದಿಲ್ಲ ಎಂದು ಆಲಂಕಾರಿಕರು ಹೇಳುತ್ತಾರೆ, ವಿಶ್ವನಾಥನ ‘ಸಾಹಿತ್ಯದರ್ಪಣ’ ಅವನ್ನು ವಿರೋಧಿ ರಸಗಳೆಂದೇ ಎಣಿಸುತ್ತದೆ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ವಿರೋಧಿ ರಸಗಳು ಒಂದೇ ಕೃತಿಯಲ್ಲಿ ಯಾವಾಗ ಕೂಡಿ ಬಾಳಬಲ್ಲವು ಎಂದು ಕೇಳಿದ. ಒಂದು ರಸ ಅಂಗಿಯಾಗಿ, ಅಂದರೆ ಪ್ರಧಾನವಾಗಿ, ಇನ್ನೊಂದು ಅದಕ್ಕೆ ಅಂಗವಾಗಿ ಒದಗಿದಾಗ ವಿರೋಧ ಅಳಿಯುತ್ತದೆ ಎಂದ. ಈಗ ‘ಓವರ್‌ಕೋಟು’ಗೆ ಬನ್ನಿ. ಇಲ್ಲಿ ಅಂಗಿ ಯಾವುದು? ಹಾಸ್ಯ ಕರುಣಕ್ಕೆ ದುಡಿಯುತ್ತಿದೆಯೋ, ಕರುಣ ಹಾಸ್ಯಕ್ಕೋ? ಬೆಲಿನ್‌ಸ್ಕಿಯ ಕಾಲದವರು ಮೊದಲನೆಯದೆನ್ನುತ್ತಾರೆ. ಐಖೆನ್‌ಬೌಮ್ ಯಾವುದೂ ಯಾವುದಕ್ಕೂ ಅಂಗವಲ್ಲ ಎನ್ನುತ್ತಾನೆ. ಪೀಟರ್ಸ್‌ಬರ್ಗಿನ ಜಗಳವನ್ನು ಆನಂದವರ್ಧನನ ಪ್ರಶ್ನೆ ಎಷ್ಟು ಚೊಕ್ಕವಾಗಿ ಹಿಡಿಯುತ್ತದೆ! ಸಂಸ್ಕೃತ ಮೀಮಾಂಸೆ ಒಂದು ಸೆಮಿಸ್ಟರಿಗೆ, ಪಾಶ್ಚಾತ್ಯ ವಿಮರ್ಶೆ ಇನ್ನೊಂದು ಸೆಮಿಸ್ಟರಿಗೆ ಎಂದು ಗೋಡೆ ಕಟ್ಟಿ ಕಲಿಸುವುದರಿಂದ ಆಗುವ ನಷ್ಟ ಇಂಥದು.

ರೂಪವಾದಿಗಳು ಕಲಿಸಿದ ಇನ್ನೊಂದು ವಿಷಯಕ್ಕೂ ಈ ಕಥೆಯೇ ಸಾಕ್ಷಿ. ಗೊಗೊಲ್‌ನ ಪರಿಚಿತ ಪಾವೆಲ್ ಅನ್ನೆಂಕೊವ್ ತನ್ನ ನೆನಪುಗಳಲ್ಲಿ ಒಂದು ಪ್ರಸಂಗ ದಾಖಲಿಸಿದ್ದಾನೆ. ಗೆಳೆಯರ ಕೂಟದಲ್ಲಿ ಯಾರೋ ಒಂದು ಕಚೇರಿ ಕಥೆ ಹೇಳಿದರು. ಬಡ ಗುಮಾಸ್ತನೊಬ್ಬನಿಗೆ ಬೇಟೆಯ ಹುಚ್ಚು. ಹಗಲಿರುಳು ದುಡಿದು, ಉಳಿಸಿ, ಇನ್ನೂರು ರೂಬಲಿಗೆ ಬಂದೂಕು ಕೊಂಡ. ಮೊದಲ ದಿನವೇ ದೋಣಿಯಲ್ಲಿ ಫಿನ್ಲೆಂಡ್ ಕೊಲ್ಲಿಗೆ ಹೊರಟಾಗ ಜೊಂಡು ತಗುಲಿ ಬಂದೂಕು ನೀರಿಗೆ ಬಿತ್ತು. ಅವನು ಜ್ವರ ಬಂದು ಮಲಗಿದ. ಸಹೋದ್ಯೋಗಿಗಳು ಚಂದಾ ಎತ್ತಿ ಇನ್ನೊಂದು ಬಂದೂಕು ಕೊಡಿಸಿದ ಮೇಲೆಯೇ ಎದ್ದ. ಎಲ್ಲರೂ ನಕ್ಕರು, ಗೊಗೊಲ್ ಮಾತ್ರ ತಲೆ ತಗ್ಗಿಸಿ ಯೋಚಿಸುತ್ತ ಕೂತಿದ್ದ. ಕೇಳಿದ ಸಂಗತಿಯನ್ನೂ ಬರೆದ ಕಥೆಯನ್ನೂ ಎದುರೆದುರು ಇಟ್ಟು ನೋಡಿ. ಬಂದೂಕು ಶೋಕಿ, ಕೋಟು ಜೀವದ ಅಗತ್ಯ. ಅಲ್ಲಿ ನೀರು ನುಂಗಿತು, ಇಲ್ಲಿ ಮನುಷ್ಯರು ಕಿತ್ತರು. ಅಲ್ಲಿ ಸಹೋದ್ಯೋಗಿಗಳು ಹಣ ಕೂಡಿಸಿದರು. ಇಲ್ಲಿಯೂ ಚಂದಾ ಎತ್ತುತ್ತಾರೆ, ಆದರೆ ನಿರ್ದೇಶಕನ ಭಾವಚಿತ್ರಕ್ಕೂ ವಿಭಾಗದ ಮುಖ್ಯಸ್ಥ ಹೇಳಿದ ಯಾವುದೋ ಪುಸ್ತಕಕ್ಕೂ ಆಗಲೇ ಕೊಟ್ಟಾಗಿರುವುದರಿಂದ ಸಿಕ್ಕಿದ್ದು ಪುಡಿಕಾಸು. ಕೇಳಿದ ಸಂಗತಿ ಕಥೆಯಾಗುವಾಗ ಲೇಖಕ ಎಲ್ಲಿ ಕೈ ಹಾಕಿದ ಎಂಬುದು ಒಂದೊಂದು ಬದಲಾವಣೆಯಲ್ಲೂ ಕಾಣುತ್ತದೆ. ನಾನು ಕಂಡಂತೆ ಸಾಮಗ್ರಿಗೂ ಕಥನಕ್ಕೂ ಇರುವ ವ್ಯತ್ಯಾಸವನ್ನು ಇಷ್ಟು ಸುಲಭವಾಗಿ ಕಲಿಸುವ ಪಾಠ ಇನ್ನೊಂದಿಲ್ಲ.

ಬೇರೆ ಓದುಗಳೂ ಇವೆ. ಏಳನೆಯ ಶತಮಾನದ ಒಂದು ಕ್ರೈಸ್ತ ಗ್ರಂಥದಲ್ಲಿ ಅಕಾಕಿಯೋಸ್ ಎಂಬ ಸಾಧುವಿನ ಕಥೆ ಬರುತ್ತದೆ. ಕ್ರೂರಿಯಾದ ಗುರುವಿನ ಹೊಡೆತವನ್ನೆಲ್ಲ ಸಹಿಸಿ ಸತ್ತವನು, ಗೋರಿಯ ಬಳಿ ಯಾರೋ ಬಂದು ಕರೆದಾಗ ಒಳಗಿನಿಂದ ಉತ್ತರ ಕೊಟ್ಟನಂತೆ. ಗೊಗೊಲ್‌ನ ನಾಯಕನ ಹೆಸರನ್ನೂ ಸತ್ತ ಮೇಲಿನ ಓಡಾಟವನ್ನೂ ಇದರ ಜೊತೆ ಇಟ್ಟು ನೋಡಿದವರಿದ್ದಾರೆ. ಆದರೆ ಸಾಧು ಉತ್ತರ ಕೊಟ್ಟ, ಅಕಾಕಿ ಕೋಟು ಕಸಿದ. ಆ ಓದು ಅಲ್ಲಿ ಎಡವುತ್ತದೆ. ಕೋಟಿನ ಕನಸು ಕಾಣುವಾಗ ಅಕಾಕಿ ಮದುವೆಯಾದವನಂತೆ, ಬಾಳಸಂಗಾತಿ ಸಿಕ್ಕವನಂತೆ ತುಂಬಿಕೊಂಡ ಎಂದು ನಿರೂಪಕನೇ ಹೇಳುವುದರಿಂದ ಮನೋವಿಶ್ಲೇಷಣೆಯವರಿಗೆ ಬಾಗಿಲು ತೆರೆದೇ ಇದೆ. ಅವರು ಎಷ್ಟೋ ಸಲ ಕೋಟನ್ನು ಸಂಕೇತ ಮಾಡುವ ಭರದಲ್ಲಿ ಚಳಿಯನ್ನು ಮರೆತುಬಿಡುತ್ತಾರೆ.

ಇನ್ನು ಎಲ್ಲ ಓದುಗಳೂ ಬಂದು ನಿಲ್ಲಬೇಕಾದ ಕೊನೆಯ ಭಾಗ. ಸಾಮಾಜಿಕ ಓದಿನವರು ದೆವ್ವವನ್ನು ಬಡವನ ಸೇಡು ಎನ್ನುತ್ತಾರೆ. ಪುಟ ತೆರೆದು ಸಾಕ್ಷಿಗಳನ್ನು ಎಣಿಸಿ ನೋಡಿ. ದೆವ್ವ ಅಕಾಕಿಯೇ ಎಂದು ಗುರುತಿಸಿದ ಮೊದಲನೆಯವನು ಅದೇ ಇಲಾಖೆಯ ನೌಕರ. ಆದರೆ ಹೆದರಿ ಓಡಿದ್ದರಿಂದ ಅವನು ಸರಿಯಾಗಿ ನೋಡಲೇ ಇಲ್ಲ, ದೂರದಿಂದ ಬೆರಳು ಅಲ್ಲಾಡಿಸಿದ್ದನ್ನಷ್ಟೇ ಕಂಡ ಎಂದು ನಿರೂಪಕನೇ ಹೇಳುತ್ತಾನೆ. ಎರಡನೆಯವನು ಗಣ್ಯ ವ್ಯಕ್ತಿ. ಅವನು ಅಕಾಕಿಯನ್ನು ಗದರಿಸಿ ಕಳಿಸಿದ ಮೇಲೆ ಮನಸ್ಸು ತಡೆಯದೆ ವಿಚಾರಿಸಲು ಕಚೇರಿಯ ನೌಕರನೊಬ್ಬನನ್ನು ಅಟ್ಟಿದ್ದಾನೆ, ಸತ್ತ ಸುದ್ದಿ ಕೇಳಿ ದಿನವಿಡೀ ಕಳವಳಗೊಂಡಿದ್ದಾನೆ. ಆ ಮನಸ್ಸಿನಲ್ಲಿ, ಗಾಳಿ ಬೀಸುವ ರಾತ್ರಿ, ಕುಡಿದು ಸ್ಲೆಜ್ ಬಂಡಿಯಲ್ಲಿ ಹೋಗುವಾಗ ಕೊರಳಪಟ್ಟಿ ಹಿಡಿದವನ ಮುಖ ಅಕಾಕಿಯದೆಂದು ಅವನಿಗೆ ಕಂಡಿತು. ಅದಾದ ಮೇಲೆ ಕಥೆ ಇನ್ನೊಂದು ದೆವ್ವವನ್ನು ತೋರಿಸಿ ಮುಗಿಯುತ್ತದೆ. ಅದು ಎತ್ತರವಾಗಿದೆ, ದೊಡ್ಡ ಮೀಸೆಯಿದೆ, ಕಾವಲುಗಾರನಿಗೆ ಮುಷ್ಟಿ ತೋರಿಸಿ ಒಬುಖೊವ್ ಸೇತುವೆಯ ಕಡೆ ಹೋಗುತ್ತದೆ. ಅಕಾಕಿಯ ಕೋಟು ಕಿತ್ತವರಿಗೂ ಮೀಸೆಯಿತ್ತು. ಅವರಲ್ಲೊಬ್ಬ ಗುಮಾಸ್ತನ ತಲೆಯಷ್ಟು ದಪ್ಪದ ಮುಷ್ಟಿಯನ್ನು ಅವನ ಬಾಯಿಗೆ ಹಿಡಿದಿದ್ದ.

ಹಾಗಾದರೆ ಊರಿನವರು ದೆವ್ವ ಎಂದದ್ದು ಕಳ್ಳನನ್ನೇ? ಗಣ್ಯ ವ್ಯಕ್ತಿ ಕಂಡದ್ದು ತನ್ನ ಪಾಪಪ್ರಜ್ಞೆಯನ್ನೇ? ಅಥವಾ ಅಕಾಕಿ ಬಂದದ್ದು ನಿಜವೇ, ಜನರಲ್‌ನ ಕೋಟು ಮೈಗೆ ಹೊಂದಿದ್ದರಿಂದ ಅಲ್ಲಿಗೆ ಸಮಾಧಾನಗೊಂಡನೇ? ಚೌಕದ ದರೋಡೆಯ ಪುಟವನ್ನೂ ಈ ಕೊನೆಯ ಪುಟವನ್ನೂ ಜೆರಾಕ್ಸ್ ಮಾಡಿಸಿ ಪಕ್ಕಪಕ್ಕದಲ್ಲಿ ಇಟ್ಟು, ಒಂದು ತರಗತಿಯನ್ನು ಮೂರು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಉತ್ತರ ವಹಿಸಿಕೊಟ್ಟು, ಪುಟದಿಂದ ಆಧಾರ ತೋರಿಸಲು ಹೇಳಬೇಕು. ಎದುರು ಗುಂಪಿನವರು ಅವರು ದಾಟಿಹೋದ ಸಾಲನ್ನು ಹುಡುಕಿ ಓದಬೇಕು. ಇದಕ್ಕೆ ಒಂದು ಪೀರಿಯಡ್ ಸಾಲುವುದಿಲ್ಲ, ಎರಡು ಬೇಕು.